ಬಾಯಿ ಮಾತಿನ ಬಾಡಿಗೆ



ಹಳ್ಳಿ ಬಿಟ್ಟು ಪಟ್ಟಣಕ್ಕೆ ಬಂದವರಿಗೆ ಮೊದಲು ಬೇಕಾಗುವುದು ಏನು? ಒಂದು ಕೆಲಸ. ಅದರ ಜೊತೆಗೆ ತಲೆ ಮೇಲೆ ಒಂದು ಸೂರು.

ಸ್ವಂತ ಮನೆ ಎಲ್ಲರಿಗೂ ಇರುವುದಿಲ್ಲ. ನಮ್ಮಲ್ಲಿ ಬಹಳ ಜನ ಬಾಡಿಗೆ ಮನೆಯಲ್ಲಿ ಇದ್ದೇವೆ. ಒಂದು ಕೋಣೆ. ಒಂದು ಅಡುಗೆ ಮೂಲೆ. ನಾಲ್ಕು ಮನೆಗೆ ಒಂದು ನಲ್ಲಿ. ಅಷ್ಟಕ್ಕೂ ಅಡ್ವಾನ್ಸ್ ಕೊಡಬೇಕು. ತಿಂಗಳು ತುಂಬಿದ ಕೂಡಲೇ ಬಾಡಿಗೆ ಕೊಡಬೇಕು.

ಕೆಲವು ಸಲ ನಾವು ಬಾಡಿಗೆಗೆ ಪಡೆದ ಮನೆಯನ್ನು ನಾವೇ ಇನ್ನೊಬ್ಬರಿಗೆ ಬಾಡಿಗೆಗೆ ಕೊಡುತ್ತೇವೆ. ಊರಿಗೆ ಹೋಗಬೇಕಾಗಿ ಬರುತ್ತದೆ. ಬಾಣಂತನಕ್ಕೆ ಹೋಗಬೇಕಾಗುತ್ತದೆ. ಮನೆ ಬಿಡಲು ಮನಸ್ಸು ಬರುವುದಿಲ್ಲ. ಗೊತ್ತಿರುವವರನ್ನು ಕರೆದು, "ನೀನು ಇದ್ದುಕೋ, ಬಾಡಿಗೆ ಕೊಡ್ತಾ ಹೋಗು" ಎನ್ನುತ್ತೇವೆ.

ಇದಕ್ಕೆ ಒಳಬಾಡಿಗೆ ಎಂದು ಹೆಸರು. ಕೋರ್ಟು ಕಚೇರಿಯಲ್ಲಿ ಇದನ್ನೇ ಉಪಬಾಡಿಗೆ ಎನ್ನುತ್ತಾರೆ.

"ನಮ್ಮವರೇ ತಾನೇ? ಕಾಗದ ಪತ್ರ ಯಾಕೆ?" ಎಂದು ಕೇಳುವವರೇ ಹೆಚ್ಚು. ಕಾಗದ ಇಲ್ಲದಿದ್ದರೆ ಏನಾಗುತ್ತದೆ? ಈ ಪಾಠದಲ್ಲಿ ಅದನ್ನು ತಿಳಿಯೋಣ. ಮೊದಲು ಒಂದು ಕಥೆ ಓದೋಣ. ಕಥೆಯಲ್ಲಿ ಬರುವ ಲೆಕ್ಕವನ್ನು ಪೆನ್ಸಿಲು ಹಿಡಿದು ನೀವೂ ಮಾಡಿ ನೋಡಿ.

ರತ್ನಮ್ಮ ಮತ್ತು ಗೌರಮ್ಮ

ರತ್ನಮ್ಮ, ಗೌರಮ್ಮ ಇಬ್ಬರೂ ಗೆಳತಿಯರು. ಬೆಂಗಳೂರಿನ ಪೀಣ್ಯದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದರು. ಅಕ್ಕಪಕ್ಕದ ಮೆಷಿನ್ನು. ಮಧ್ಯಾಹ್ನ ಒಬ್ಬರ ಡಬ್ಬಿ ಇನ್ನೊಬ್ಬರು ಹಂಚಿಕೊಂಡು ತಿನ್ನುತ್ತಿದ್ದರು.

ರತ್ನಮ್ಮ ಒಂದು ವಠಾರದಲ್ಲಿ ಬಾಡಿಗೆಗೆ ಇದ್ದಳು. ತಿಂಗಳ ಬಾಡಿಗೆ 6,000 ರೂಪಾಯಿ. ಅಡ್ವಾನ್ಸ್ 50,000 ರೂಪಾಯಿ. ಮನೆಗೆ ಸೇರುವಾಗ ಓನರ್ ಒಂದು ಕರಾರು ಪತ್ರ ಮಾಡಿಸಿದ್ದರು. ರತ್ನಮ್ಮನಿಗೆ ಆಗ ಓದಲು ಬರುತ್ತಿರಲಿಲ್ಲ.

"ಇಲ್ಲಿ ಒತ್ತಮ್ಮ" ಎಂದರು. ರತ್ನಮ್ಮ ಹೆಬ್ಬೆಟ್ಟು ಒತ್ತಿದಳು.

ಓನರ್ ಒಂದು ಪ್ರತಿ ಕೊಟ್ಟರು. ರತ್ನಮ್ಮ ಅದನ್ನು ಟ್ರಂಕಿನ ತಳಕ್ಕೆ ಹಾಕಿದಳು. ಮತ್ತೆ ತೆಗೆದು ನೋಡಲಿಲ್ಲ.

ಹೀಗಿರುವಾಗ ಕುಣಿಗಲ್ ಹತ್ತಿರದ ಹಳ್ಳಿಯಿಂದ ಫೋನ್ ಬಂತು. ರತ್ನಮ್ಮನ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಆರು ತಿಂಗಳಾದರೂ ಊರಲ್ಲಿ ಇರಬೇಕಾಗಿತ್ತು.

ರತ್ನಮ್ಮ ಗೌರಮ್ಮನಿಗೆ ಹೇಳಿದಳು:

"ಗೌರಿ, ಈ ಮನೆ ಬಿಟ್ಟರೆ ಮತ್ತೆ ಈ ಬಾಡಿಗೆಗೆ ಮನೆ ಸಿಗಲ್ಲ ಕಣೆ. ನೀನೂ ಮನೆ ಹುಡುಕ್ತಾ ಇದೀಯ. ನೀನೇ ಬಂದು ಇದ್ದುಬಿಡು. ನಾನು ಬಂದಾಗ ಬಿಟ್ಟುಕೊಟ್ಟರೆ ಸಾಕು."

"ಓನರ್ ಏನೂ ಅನ್ನಲ್ವಾ ಅಕ್ಕ?"

"ಅವರೇನು ದಿನಾ ಬಂದು ನೋಡ್ತಾರಾ? ಕೇಳಿದರೆ ತಂಗಿ ಅನ್ನು."

"ಅಡ್ವಾನ್ಸ್ ಎಷ್ಟು ಕೊಡಲಿ?"

"ಮೂವತ್ತು ಸಾವಿರ ಕೊಡು. ಅತ್ತೆ ಆಸ್ಪತ್ರೆ ಖರ್ಚಿಗೆ ಆಗುತ್ತೆ. ನೀನು ಹೋಗುವಾಗ ವಾಪಸ್ ಕೊಡ್ತೀನಿ."

"ಒಂದು ಚೀಟಿ ಬರೆದುಕೊಳ್ಳೋಣವಾ ಅಕ್ಕ?"

"ನಮ್ಮ ನಮ್ಮಲ್ಲಿ ಎಂಥಾ ಚೀಟಿನೇ? ಮೇಲೆ ದೇವರಿದ್ದಾನೆ ಬಿಡು."

ಗೌರಮ್ಮ ಸುಮ್ಮನಾದಳು. ಮತ್ತೆ ಕೇಳಿದರೆ ಅಕ್ಕ ಬೇಜಾರು ಮಾಡಿಕೊಳ್ಳುತ್ತಾಳೆ ಅಂದುಕೊಂಡಳು. ಸಂಘದಲ್ಲಿ ಸಾಲ ಎತ್ತಿ 30,000 ರೂಪಾಯಿ ತಂದು ರತ್ನಮ್ಮನ ಕೈಗೆ ಕೊಟ್ಟಳು. ಜೂನ್ ಒಂದನೇ ತಾರೀಕು ಮಕ್ಕಳ ಜೊತೆ ಮನೆ ಸೇರಿದಳು.

ಐದು ತಿಂಗಳು ಕಳೆಯಿತು

ಮೊದಲ ಮೂರು ತಿಂಗಳು ರತ್ನಮ್ಮನೇ ಬೆಂಗಳೂರಿಗೆ ಬಂದು ಹೋದಳು. ಗೌರಮ್ಮನಿಂದ 6,000 ರೂಪಾಯಿ ಪಡೆದು ಓನರ್‌ಗೆ ಮುಟ್ಟಿಸಿದಳು.

ಆಮೇಲೆ ಅತ್ತೆಯನ್ನು ಬಿಟ್ಟು ಬರಲು ಆಗಲಿಲ್ಲ. ರತ್ನಮ್ಮನ ಮೈದುನ ತೆಂಗಿನಕಾಯಿ ಲೋಡು ತೆಗೆದುಕೊಂಡು ಬೆಂಗಳೂರಿಗೆ ಬರುತ್ತಿದ್ದ. ಸೆಪ್ಟೆಂಬರ್ ತಿಂಗಳ ಬಾಡಿಗೆಯನ್ನೂ ಅಕ್ಟೋಬರ್ ತಿಂಗಳ ಬಾಡಿಗೆಯನ್ನೂ ಗೌರಮ್ಮ ಅವನ ಕೈಗೆ ಕೊಟ್ಟಳು. ನೋಟುಗಳನ್ನು ಎಣಿಸಿ ಕೊಟ್ಟಳು. ರಸೀದಿ ಕೇಳಲಿಲ್ಲ. ಮೈದುನ ಆ 12,000 ರೂಪಾಯಿಯನ್ನು ಲಾರಿ ಟೈರಿಗೆ ಖರ್ಚು ಮಾಡಿಕೊಂಡ. ಅತ್ತಿಗೆಗೆ ಹೇಳಲಿಲ್ಲ. ಬಾಡಿಗೆ ಓನರ್‌ಗೆ ಮುಟ್ಟಲಿಲ್ಲ.

ನವೆಂಬರ್ ಮೊದಲ ವಾರ ಓನರ್ ಮನೆ ಬಾಗಿಲಿಗೆ ಬಂದರು.

"ನೀನ್ಯಾರಮ್ಮ? ರತ್ನಮ್ಮ ಎಲ್ಲಿ?"

"ನಾನು... ಅವರ ತಂಗಿ ಸಾರ್."

"ಎರಡು ತಿಂಗಳ ಬಾಡಿಗೆ ಬಂದಿಲ್ಲ. ನೀರಿನ ದುಡ್ಡು ಐದು ತಿಂಗಳಿಂದ ಬಂದಿಲ್ಲ. ತಂಗಿಯೋ ಅಕ್ಕನೋ ನನಗೆ ಗೊತ್ತಿಲ್ಲ. ನಾನು ಮನೆ ಕೊಟ್ಟಿದ್ದು ಅವಳಿಗೆ. ಈ ವಾರದಲ್ಲಿ ಖಾಲಿ ಮಾಡಿ. ಇಲ್ಲ ಅಂದ್ರೆ ಸಾಮಾನು ಬೀದಿಗೆ ಹಾಕಿಸ್ತೀನಿ."

ಗೌರಮ್ಮನ ಕೈಕಾಲು ನಡುಗಿತು. ಮಕ್ಕಳು ಅಳತೊಡಗಿದವು. ಅವಳು ರತ್ನಮ್ಮನಿಗೆ ಫೋನ್ ಮಾಡಿದಳು. ಮಾರನೇ ದಿನ ಬೆಳಗಿನ ಬಸ್ಸಿಗೆ ರತ್ನಮ್ಮ ಓಡಿ ಬಂದಳು.

"ನಾನು ಐದೂ ತಿಂಗಳ ಬಾಡಿಗೆ ಕೊಟ್ಟಿದ್ದೀನಿ ಅಕ್ಕ. ನನ್ನ 30,000 ಕೊಡು. ಬೇರೆ ಮನೆ ನೋಡಿಕೊಳ್ತೀನಿ."

"ನನಗೆ ಬಂದಿರೋದು ಮೂರೇ ತಿಂಗಳದು. ಎರಡು ತಿಂಗಳದು 12,000 ಹಿಡಿದುಕೊಂಡು 18,000 ಕೊಡ್ತೀನಿ."

"ನಿನ್ನ ಮೈದುನನ ಕೈಗೆ ಕೊಟ್ಟೆನಲ್ಲ!"

"ಅವನು ಇಲ್ಲ ಅಂತಾನೆ."

ಮಾತಿಗೆ ಮಾತು ಬೆಳೆಯಿತು. ವಠಾರದವರು ಸೇರಿದರು. ಯಾರಿಗೂ ಏನೂ ಗೊತ್ತಿರಲಿಲ್ಲ. ದುಡ್ಡು ಕೊಟ್ಟಾಗ ಯಾರೂ ಸಾಕ್ಷಿ ಇರಲಿಲ್ಲ.

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಗೌರಮ್ಮ ದುಡ್ಡು ಕೊಟ್ಟಿದ್ದು ನಿಜ. ರತ್ನಮ್ಮನಿಗೆ ದುಡ್ಡು ಮುಟ್ಟದೆ ಇದ್ದದ್ದೂ ನಿಜ. ಆದರೆ ಇಬ್ಬರ ಕೈಯಲ್ಲೂ ಒಂದು ತುಂಡು ಕಾಗದ ಇರಲಿಲ್ಲ.

ಟ್ರಂಕಿನ ತಳದ ಕಾಗದ

ಊರಲ್ಲಿದ್ದ ಐದು ತಿಂಗಳು ರತ್ನಮ್ಮ ಸಂಜೆ ಹೊತ್ತು ಸಾಕ್ಷರತಾ ಕೇಂದ್ರಕ್ಕೆ ಹೋಗುತ್ತಿದ್ದಳು. ಅತ್ತೆಗೆ ಊಟ ಕೊಟ್ಟು ಮಲಗಿಸಿ ಒಂದು ಗಂಟೆ ಕಲಿಯುತ್ತಿದ್ದಳು. ಈಗ ಕೂಡಿಸಿಕೊಂಡು ಓದಲು ಬರುತ್ತಿತ್ತು.

ಅವಳು ಟ್ರಂಕು ತೆಗೆದಳು. ತಳದಲ್ಲಿದ್ದ ಕರಾರು ಪತ್ರ ಎತ್ತಿಕೊಂಡಳು. ಬೆರಳು ಇಟ್ಟುಕೊಂಡು ಒಂದೊಂದೇ ಸಾಲು ಓದಿದಳು. ಏಳನೆಯ ಸಾಲು ಹೀಗಿತ್ತು:

"ಬಾಡಿಗೆದಾರರು ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಈ ಮನೆಯನ್ನು ಬೇರೆಯವರಿಗೆ ಕೊಡತಕ್ಕದ್ದಲ್ಲ."

"ಕೊಡತಕ್ಕದ್ದಲ್ಲ" ಎಂಬಲ್ಲಿ ಒತ್ತಕ್ಷರಗಳು ಹೆಚ್ಚು. ಎರಡು ಸಲ ಓದಿದಳು. ಅರ್ಥ ಆಯಿತು. ಕೆಳಗೆ ತನ್ನದೇ ಹೆಬ್ಬೆಟ್ಟಿನ ಗುರುತು ಇತ್ತು.

"ಗೌರಿ, ನಿನ್ನ ಇಲ್ಲಿ ಇರಿಸೋ ಹಕ್ಕೇ ನನಗೆ ಇರಲಿಲ್ಲ ಕಣೆ" ಎಂದಳು.

ಜಗಳ ಅಲ್ಲಿಗೆ ನಿಂತಿತು. ಇಬ್ಬರೂ ಕೂತು ಯೋಚನೆ ಮಾಡಿದರು. ಸಂಘದ ಲೆಕ್ಕ ಬರೆಯುವ ಹುಡುಗಿ ಒಂದು ದಾರಿ ಹೇಳಿದಳು. ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಹೆಂಗಸರಿಗೆ ಅಲ್ಲಿ ವಕೀಲರ ಸಹಾಯ ಪುಕ್ಕಟೆ ಸಿಗುತ್ತದೆ.

ಇಬ್ಬರೂ ಅಲ್ಲಿಗೆ ಹೋದರು. ಒಬ್ಬ ಮಹಿಳಾ ವಕೀಲರು ಎಲ್ಲ ಕೇಳಿದರು. ಕರಾರು ಪತ್ರ ಓದಿದರು. ಓನರ್‌ಗೂ ಕಾಗದ ಬರೆದು ಕರೆಸಿದರು. ಲೋಕ ಅದಾಲತ್‌ನಲ್ಲಿ ಮೂವರೂ ಕೂತು ಮಾತಾಡಿದರು. ಕೊನೆಗೆ ರಾಜಿ ಆಯಿತು.

ಲೆಕ್ಕ ಹೀಗೆ ಆಯಿತು

ಓನರ್ ಕೊಡಬೇಕಾದದ್ದು:
ರತ್ನಮ್ಮ ಕೊಟ್ಟಿದ್ದ ಅಡ್ವಾನ್ಸ್ 50,000 ರೂಪಾಯಿ.
ಅದರಲ್ಲಿ ಎರಡು ತಿಂಗಳ ಬಾಡಿಗೆ ಬಾಕಿ 12,000 ರೂಪಾಯಿ ಕಳೆಯಿರಿ.
ನೀರಿನ ಬಾಕಿ 1,000 ರೂಪಾಯಿ ಕಳೆಯಿರಿ.
ಉಳಿದದ್ದು 37,000 ರೂಪಾಯಿ. ಇದನ್ನು ಓನರ್ ರತ್ನಮ್ಮನಿಗೆ ಕೊಟ್ಟರು.

ರತ್ನಮ್ಮ ಕೊಡಬೇಕಾದದ್ದು:
ಗೌರಮ್ಮ ಕೊಟ್ಟಿದ್ದ ಅಡ್ವಾನ್ಸ್ 30,000 ರೂಪಾಯಿ.
ಗೌರಮ್ಮ ಬಳಸಿದ ನೀರಿನ ದುಡ್ಡು 1,000 ರೂಪಾಯಿ ಕಳೆಯಿರಿ.
ಜಗಳದ 12,000 ರೂಪಾಯಿಯಲ್ಲಿ ಇಬ್ಬರೂ ಅರ್ಧ ಅರ್ಧ ಹೊರಬೇಕು ಎಂದು ಒಪ್ಪಿದರು. ಗೌರಮ್ಮನ ಪಾಲು 6,000 ರೂಪಾಯಿ ಕಳೆಯಿರಿ.
ಉಳಿದದ್ದು 23,000 ರೂಪಾಯಿ. ರತ್ನಮ್ಮ ಅಂದೇ 13,000 ರೂಪಾಯಿ ಕೊಟ್ಟಳು. ಮಿಕ್ಕಿದ್ದನ್ನು ತಿಂಗಳಿಗೆ 5,000 ರೂಪಾಯಿಯಂತೆ ಎರಡು ಕಂತಿನಲ್ಲಿ ಕೊಡಲು ಒಪ್ಪಿದಳು. ಈ ಸಲ ಎಲ್ಲವೂ ಬರಹದಲ್ಲಿ ಆಯಿತು. ರತ್ನಮ್ಮ ತನ್ನ ಹೆಸರು ಬರೆದು ಸಹಿ ಹಾಕಿದಳು.

ಮನೆ ಖಾಲಿ ಮಾಡಲು ಓನರ್ ಒಂದು ತಿಂಗಳು ಸಮಯ ಕೊಟ್ಟರು.

ಇಬ್ಬರಿಗೂ ಆರಾರು ಸಾವಿರ ರೂಪಾಯಿ ಕೈ ಬಿಟ್ಟಿತು. ರತ್ನಮ್ಮನಿಗೆ ಮನೆಯೂ ಹೋಯಿತು. ಗೌರಮ್ಮ ಸಂಘದ ಸಾಲಕ್ಕೆ ಬಡ್ಡಿ ಕಟ್ಟಿದಳು. ಈಗಲೂ ಇಬ್ಬರೂ ಒಂದೇ ಕಡೆ ಕೆಲಸ ಮಾಡುತ್ತಾರೆ. ಮಾತಾಡುತ್ತಾರೆ. ಆದರೆ ಮೊದಲಿನ ಸಲಿಗೆ ಇಲ್ಲ.

ಒಂದು ಚೀಟಿ ಬರೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಕಾನೂನು ಏನು ಹೇಳುತ್ತದೆ?

ಕರ್ನಾಟಕದಲ್ಲಿ ಬಾಡಿಗೆ ಮನೆಗಳಿಗೆ ಒಂದು ಕಾಯ್ದೆ ಇದೆ. ಅದರ ಹೆಸರು ಕರ್ನಾಟಕ ಬಾಡಿಗೆ ಕಾಯ್ದೆ, 1999. ಇದು 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಬಾಡಿಗೆಯ ಕರಾರು ಬರಹದಲ್ಲಿ ಇರಬೇಕು ಎಂದು ಈ ಕಾಯ್ದೆ ಹೇಳುತ್ತದೆ. ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಮನೆಯನ್ನು ಒಳಬಾಡಿಗೆಗೆ ಕೊಟ್ಟರೆ, ಮನೆ ಬಿಡಿಸಲು ಅದೊಂದೇ ಕಾರಣ ಸಾಕು.

ಆದರೆ ಈ ಕಾಯ್ದೆ ಕಡಿಮೆ ಬಾಡಿಗೆಯ ಮನೆಗಳಿಗೆ ಮಾತ್ರ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳು ಇದರ ಹೊರಗೆ ಉಳಿಯುತ್ತವೆ. ಅಂಥ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಅನ್ವಯಿಸುತ್ತದೆ. ಇಲ್ಲಿ ನಿಮ್ಮ ಕರಾರಿನ ಮಾತೇ ಮುಖ್ಯ. "ಬೇರೆಯವರಿಗೆ ಕೊಡಬಾರದು" ಎಂದು ಕರಾರಿನಲ್ಲಿ ಬರೆದಿದ್ದರೆ ಕೊಡುವ ಹಾಗಿಲ್ಲ. ರತ್ನಮ್ಮನಿಗೆ ಆದದ್ದು ಇದೇ.

ಬಾಯಿ ಮಾತಿನ ಕರಾರಿಗೆ ಬೆಲೆಯೇ ಇಲ್ಲ ಅಂತಲ್ಲ. ಅದನ್ನು ರುಜುವಾತು ಮಾಡುವುದು ಬಹಳ ಕಷ್ಟ. ಅಡ್ವಾನ್ಸ್ ಎಷ್ಟು? ಬಾಡಿಗೆ ಎಷ್ಟು? ಎಷ್ಟು ತಿಂಗಳಿಗೆ? ಒಬ್ಬರು ಒಂದು ಹೇಳುತ್ತಾರೆ. ಇನ್ನೊಬ್ಬರು ಇನ್ನೊಂದು ಹೇಳುತ್ತಾರೆ. ಕೋರ್ಟು ಕೇಳುವುದು, "ದಾಖಲೆ ಎಲ್ಲಿ? ಸಾಕ್ಷಿ ಯಾರು?" ಎಂದು.

ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಮನೆ ಕೊಟ್ಟರೆ ಆ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ, ಅಂದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ, ನೋಂದಣಿ ಮಾಡಿಸಬೇಕು. ಅದಕ್ಕೇ ಹೆಚ್ಚಿನವರು 11 ತಿಂಗಳಿಗೆ ಕರಾರು ಬರೆಸುತ್ತಾರೆ. 11 ತಿಂಗಳು ಮುಗಿದ ಮೇಲೆ ಹೊಸ ಕರಾರು ಮಾಡಿಸಿಕೊಳ್ಳಬೇಕು.

ಯಾರಿಗೆ ಏನು ನಷ್ಟ?

ಮನೆ ಕೊಡುವ ಬಾಡಿಗೆದಾರಳಿಗೆ:
ಓನರ್‌ಗೆ ಬಾಡಿಗೆ ಕೊಡುವ ಹೊಣೆ ಅವಳದೇ. ಒಳಗೆ ಇರುವವರು ಕೊಡದಿದ್ದರೂ ಅವಳೇ ಕೊಡಬೇಕು. ಗೋಡೆ, ಬಾಗಿಲು, ನಲ್ಲಿ ಕೆಟ್ಟರೆ ಅವಳ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆ. ಒಳಗೆ ಬಂದವರು "ಬಿಡಲ್ಲ" ಎಂದರೆ ಕೋರ್ಟಿಗೆ ಅಲೆಯಬೇಕು. ಕೊನೆಗೆ ಇದ್ದ ಮನೆಯೂ ಹೋಗಬಹುದು.

ಮನೆ ಪಡೆಯುವ ಹೆಂಗಸಿಗೆ:
ಓನರ್‌ಗೆ ಅವಳು ಯಾರು ಎಂದೇ ಗೊತ್ತಿರುವುದಿಲ್ಲ. ಓನರ್ ಮೂಲ ಬಾಡಿಗೆದಾರಳ ಮೇಲೆ ಕೇಸು ಗೆದ್ದರೆ ಇವಳೂ ಹೊರಗೆ ಬರಬೇಕಾಗುತ್ತದೆ. ಇವಳು ಕೊಟ್ಟ ಅಡ್ವಾನ್ಸ್ ಓನರ್ ಹತ್ತಿರ ಇಲ್ಲ. ಅದನ್ನು ಪಡೆದವರಿಂದಲೇ ವಾಪಸ್ ಕೇಳಬೇಕು. ಅವರು ಸಿಗದಿದ್ದರೆ ಸಾಲ ಮಾತ್ರ ಉಳಿಯುತ್ತದೆ.

ಓನರ್‌ಗೆ:
ತನ್ನ ಮನೆಯಲ್ಲಿ ಯಾರಿದ್ದಾರೆ ಎಂದು ತಿಳಿಯುವುದಿಲ್ಲ. ಬಾಡಿಗೆ ಯಾರನ್ನು ಕೇಳಬೇಕು ಎಂದು ಗೊತ್ತಾಗುವುದಿಲ್ಲ.

ಹೀಗೆ ಮೂವರಿಗೂ ತೊಂದರೆ.

ಎಚ್ಚರ! ಭೋಗ್ಯದ ಮನೆ

ಈಗ ಪಟ್ಟಣಗಳಲ್ಲಿ ಇನ್ನೊಂದು ಮೋಸ ನಡೆಯುತ್ತದೆ. ಒಬ್ಬ ಮಧ್ಯವರ್ತಿ ಓನರ್ ಹತ್ತಿರ ತಿಂಗಳ ಬಾಡಿಗೆಗೆ ಮನೆ ಪಡೆಯುತ್ತಾನೆ. ಅದೇ ಮನೆಯನ್ನು ಬೇರೆಯವರಿಗೆ ತೋರಿಸುತ್ತಾನೆ. "ಮೂರು ಲಕ್ಷ ಕೊಡಿ. ಮೂರು ವರ್ಷ ಬಾಡಿಗೆನೇ ಇಲ್ಲ. ಹೋಗುವಾಗ ಪೂರ್ತಿ ದುಡ್ಡು ವಾಪಸ್" ಎನ್ನುತ್ತಾನೆ. ಇದನ್ನು ಭೋಗ್ಯ ಅಥವಾ ಲೀಸು ಎನ್ನುತ್ತಾರೆ.

ಬಾಡಿಗೆ ಉಳಿಯುತ್ತದಲ್ಲ ಎಂದು ಜನ ಒಡವೆ ಮಾರಿ, ಸಾಲ ಮಾಡಿ ದುಡ್ಡು ಕೊಡುತ್ತಾರೆ. ಕೆಲವು ತಿಂಗಳು ಮಧ್ಯವರ್ತಿ ಓನರ್‌ಗೆ ಬಾಡಿಗೆ ಕಟ್ಟುತ್ತಾನೆ. ಆಮೇಲೆ ನಿಲ್ಲಿಸುತ್ತಾನೆ. ಫೋನ್ ಸ್ವಿಚ್ ಆಫ್. ಓನರ್ ಬಂದು "ನಿಮಗೆ ನಾನು ಭೋಗ್ಯಕ್ಕೆ ಕೊಟ್ಟೇ ಇಲ್ಲ" ಎನ್ನುತ್ತಾರೆ.

ಭೋಗ್ಯಕ್ಕೆ ಮನೆ ಹಿಡಿಯುವ ಮೊದಲು ಇಷ್ಟು ಮಾಡಿ:

1. ಮನೆಯ ನಿಜವಾದ ಮಾಲೀಕರನ್ನು ಮುಖತಃ ನೋಡಿ ಮಾತಾಡಿ. ಅಕ್ಕಪಕ್ಕದವರನ್ನೂ ವಿಚಾರಿಸಿ.
2. ಮನೆಯ ಖಾತೆ ಮತ್ತು ಕಂದಾಯದ ರಸೀದಿ ಕೇಳಿ. ಅದರಲ್ಲಿರುವ ಹೆಸರೂ ಮಾಲೀಕರ ಗುರುತಿನ ಚೀಟಿಯ ಹೆಸರೂ ಒಂದೇ ಇದೆಯೇ ಎಂದು ಓದಿ.
3. ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ. ಇದನ್ನು ಇ.ಸಿ. ಎನ್ನುತ್ತಾರೆ. ಮನೆಯ ಮೇಲೆ ನೋಂದಣಿಯಾದ ಸಾಲ ಇದ್ದರೆ ಇದರಲ್ಲಿ ತಿಳಿಯುತ್ತದೆ.
4. ಪತ್ರ ಮಾಲೀಕರ ಹೆಸರಿನಲ್ಲೇ ಆಗಲಿ. ನೋಂದಣಿ ಆಗಲಿ.
5. ದುಡ್ಡನ್ನು ಮಾಲೀಕರ ಬ್ಯಾಂಕ್ ಖಾತೆಗೇ ಕಟ್ಟಿ. ಮಧ್ಯವರ್ತಿಯ ಕೈಗೆ ನಗದು ಕೊಡಬೇಡಿ.

ಸರ್ಕಾರ ಬಡವರಿಗೆ ಹಂಚಿದ ಮನೆಯನ್ನು ಯಾರಾದರೂ "ಬಾಡಿಗೆಗೆ ಕೊಡ್ತೀನಿ" ಎಂದರೆ ಇನ್ನೂ ಎಚ್ಚರ ಬೇಕು. ಹಂಚಿಕೆ ಪತ್ರದಲ್ಲಿ ಷರತ್ತುಗಳು ಇರುತ್ತವೆ. ಅವನ್ನು ಓದಿ ತಿಳಿಯದೆ ದುಡ್ಡು ಕೊಡಬೇಡಿ.

ಒಳಬಾಡಿಗೆ ಕೊಡಲೇಬೇಕಾದರೆ ಹೇಗೆ?

ಮೊದಲು ನಿಮ್ಮ ಹಳೆಯ ಕರಾರು ಪತ್ರ ಓದಿ. ಕಷ್ಟದ ಪದ ಬಂದರೆ ಓದಿದವರ ಹತ್ತಿರ ಕೇಳಿ.

ಆಮೇಲೆ ಓನರ್‌ಗೆ ನಿಜ ಹೇಳಿ. "ತಂಗಿ", "ನಾದಿನಿ" ಎಂದು ಸುಳ್ಳು ಹೇಳಬೇಡಿ. ಬರಹದಲ್ಲಿ ಒಪ್ಪಿಗೆ ಕೇಳಿ. ಒಪ್ಪಿಗೆ ಪತ್ರ ಹೀಗಿರಲಿ:

ಒಪ್ಪಿಗೆ ಪತ್ರ
ದಿನಾಂಕ: ............
ನಾನು ............, ಈ ಮನೆಯ ಮಾಲೀಕ. ನನ್ನ ಬಾಡಿಗೆದಾರರಾದ ............ ಅವರು ಈ ಮನೆಯನ್ನು ............ ಅವರಿಗೆ ............ ತಾರೀಕಿನಿಂದ ............ ತಾರೀಕಿನವರೆಗೆ ಒಳಬಾಡಿಗೆಗೆ ಕೊಡಲು ನನ್ನ ಒಪ್ಪಿಗೆ ಇದೆ.
ಮಾಲೀಕರ ಸಹಿ: ............
ಸಾಕ್ಷಿ 1: ............
ಸಾಕ್ಷಿ 2: ............

ಇದಾದ ಮೇಲೆ ಮನೆ ಕೊಡುವವರೂ ಪಡೆಯುವವರೂ ತಮ್ಮೊಳಗೆ ಒಂದು ಕರಾರು ಮಾಡಿಕೊಳ್ಳಬೇಕು. ಅದರಲ್ಲಿ ಈ ವಿಷಯಗಳು ಇರಬೇಕು:

1. ಇಬ್ಬರ ಪೂರ್ತಿ ಹೆಸರು, ಊರು, ವಿಳಾಸ
2. ಮನೆಯ ನಂಬರು ಮತ್ತು ರಸ್ತೆ
3. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ
4. ತಿಂಗಳ ಬಾಡಿಗೆ ಎಷ್ಟು, ಯಾವ ತಾರೀಕಿನೊಳಗೆ ಕೊಡಬೇಕು, ಯಾರ ಕೈಗೆ ಕೊಡಬೇಕು
5. ಅಡ್ವಾನ್ಸ್ ಎಷ್ಟು, ಯಾವಾಗ ವಾಪಸ್ ಕೊಡಬೇಕು
6. ಕರೆಂಟು, ನೀರಿನ ದುಡ್ಡು ಯಾರು ಕೊಡಬೇಕು
7. ಮನೆ ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು
8. ಮನೆಯಲ್ಲಿ ಬಿಟ್ಟು ಹೋಗುವ ಸಾಮಾನಿನ ಪಟ್ಟಿ
9. ಇಬ್ಬರ ಸಹಿ, ಇಬ್ಬರು ಸಾಕ್ಷಿಗಳ ಸಹಿ

ದುಡ್ಡಿನ ಮೊತ್ತವನ್ನು ಅಂಕಿಯಲ್ಲೂ ಬರೆಯಿರಿ, ಅಕ್ಷರದಲ್ಲೂ ಬರೆಯಿರಿ. ಅಂಕಿ ತಿದ್ದುವುದು ಸುಲಭ. ಅಕ್ಷರ ತಿದ್ದುವುದು ಕಷ್ಟ. ಕರಾರನ್ನು ಇ-ಸ್ಟಾಂಪ್ ಕಾಗದದ ಮೇಲೆ ಮಾಡಿಸಿ. ಎರಡು ಪ್ರತಿ ಮಾಡಿಸಿ, ಒಬ್ಬೊಬ್ಬರು ಒಂದೊಂದು ಇಟ್ಟುಕೊಳ್ಳಿ. ಖಾಲಿ ಕಾಗದಕ್ಕೆ ಎಂದೂ ಸಹಿ ಹಾಕಬೇಡಿ.

ರಸೀದಿ ಕೇಳಲು ನಾಚಿಕೆ ಬೇಡ

ಬಾಡಿಗೆ ಕೊಟ್ಟಾಗಲೆಲ್ಲ ರಸೀದಿ ಪಡೆಯಿರಿ. ಅಚ್ಚು ಹಾಕಿದ ಪುಸ್ತಕವೇ ಬೇಕೆಂದಿಲ್ಲ. ಮಕ್ಕಳ ನೋಟ್‌ಬುಕ್ಕಿನ ಹಾಳೆಯೂ ಆಗುತ್ತದೆ.

ರಸೀದಿ
ದಿನಾಂಕ: ............
............ ಅವರಿಂದ ............ ತಿಂಗಳ ಬಾಡಿಗೆ 6,000 (ಆರು ಸಾವಿರ) ರೂಪಾಯಿ ಮುಟ್ಟಿದೆ.
ಪಡೆದವರ ಹೆಸರು ಮತ್ತು ಸಹಿ: ............

ಈಗ ಎಷ್ಟೋ ಜನ ಫೋನಿನಲ್ಲೇ ದುಡ್ಡು ಕಳಿಸುತ್ತಾರೆ. ಅದೂ ಒಳ್ಳೆಯದೇ. ಯಾರಿಗೆ, ಯಾವ ದಿನ, ಎಷ್ಟು ಹೋಯಿತು ಎಂಬ ಗುರುತು ಉಳಿಯುತ್ತದೆ. ಆದರೆ ದುಡ್ಡು ಪಡೆಯಬೇಕಾದವರ ನಂಬರಿಗೇ ಕಳಿಸಿ. ಮೈದುನ, ಅಳಿಯ, ಪಕ್ಕದ ಮನೆಯವರ ನಂಬರಿಗೆ ಬೇಡ. ಕಳಿಸುವಾಗ "ಜೂನ್ ಬಾಡಿಗೆ" ಎಂದು ಎರಡು ಪದ ಬರೆಯಿರಿ.

ಗೆಳತಿಯರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಅಕ್ಕನ ಮಗಳು ಬಂದು ನಮ್ಮ ಜೊತೆ ಇದ್ದಾಳೆ. ಇದೂ ಒಳಬಾಡಿಗೆಯಾ?
ಉತ್ತರ: ಅಲ್ಲ. ನೀವು ಅದೇ ಮನೆಯಲ್ಲಿದ್ದೀರಿ. ಮನೆ ನಿಮ್ಮ ಕೈಯಲ್ಲೇ ಇದೆ. ಮನೆಯನ್ನು ಅಥವಾ ಒಂದು ಕೋಣೆಯನ್ನು ಬೇರೆಯವರ ವಶಕ್ಕೆ ಬಿಟ್ಟು ದುಡ್ಡು ಪಡೆದರೆ ಅದು ಒಳಬಾಡಿಗೆ.

ಪ್ರಶ್ನೆ: ಓನರ್ ಬಂದು ನಮ್ಮ ಸಾಮಾನು ಬೀದಿಗೆ ಹಾಕಬಹುದಾ?
ಉತ್ತರ: ಇಲ್ಲ. ಬಲವಂತವಾಗಿ ಹೊರಗೆ ಹಾಕುವ ಹಕ್ಕು ಯಾರಿಗೂ ಇಲ್ಲ. ಮನೆ ಬಿಡಿಸಬೇಕಾದರೆ ಕೋರ್ಟಿನ ಮೂಲಕವೇ ಬಿಡಿಸಬೇಕು. ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆ ಬಿಡಿಸಲು 15 ದಿನದ ಲಿಖಿತ ನೋಟಿಸು ಕೊಡಬೇಕು. ನೋಟಿಸಿನ ಮೇಲೂ ಬಿಡದಿದ್ದರೆ ಕೋರ್ಟಿಗೆ ಹೋಗಬೇಕು.

ಪ್ರಶ್ನೆ: ಬಲವಂತವಾಗಿ ಹೊರಗೆ ಹಾಕಿಬಿಟ್ಟರೆ?
ಉತ್ತರ: ಆರು ತಿಂಗಳ ಒಳಗೆ ಕೋರ್ಟಿಗೆ ಹೋಗಿ ಮನೆಯ ವಶ ವಾಪಸ್ ಕೇಳಬಹುದು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ ಇದಕ್ಕೆ ಅವಕಾಶ ಇದೆ. ತಡ ಮಾಡಬಾರದು.

ಪ್ರಶ್ನೆ: ಚೀಟಿ ಬರೆಯೋಣ ಎಂದರೆ ಗೆಳತಿಗೆ ಬೇಜಾರಾಗುತ್ತದಲ್ಲ?
ಉತ್ತರ: "ನಿನ್ನ ಮೇಲೆ ಅನುಮಾನ ಇಲ್ಲ ಅಕ್ಕ. ನಾಳೆ ನಮ್ಮಿಬ್ಬರಿಗೂ ಮರೆತು ಹೋಗಬಾರದು, ಅದಕ್ಕೆ ಬರೆಯೋಣ" ಎಂದು ಹೇಳಿ. ಸಂಘದಲ್ಲಿ ಎಲ್ಲರೂ ನಮ್ಮವರೇ. ಆದರೂ ಲೆಕ್ಕದ ಪುಸ್ತಕ ಇಡುತ್ತೇವಲ್ಲವೇ?

ಸಹಾಯ ಎಲ್ಲಿ ಸಿಗುತ್ತದೆ?

ನಮ್ಮ ದೇಶದಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987 ಎಂಬ ಕಾಯ್ದೆ ಇದೆ. ಇದು 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಇದರ ಪ್ರಕಾರ ಎಲ್ಲ ಹೆಂಗಸರಿಗೂ ಪುಕ್ಕಟೆ ವಕೀಲರ ಸಹಾಯ ಸಿಗುತ್ತದೆ. ಆದಾಯ ಎಷ್ಟಿದೆ ಎಂದು ನೋಡುವುದಿಲ್ಲ.

ತಾಲ್ಲೂಕಿನ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ. ಬಿಳಿ ಹಾಳೆಯ ಮೇಲೆ ನಿಮ್ಮ ಕಷ್ಟ ಬರೆದು ಕೊಟ್ಟರೆ ಸಾಕು. ಫೋನ್ ಮಾಡಬೇಕಾದರೆ ನಂಬರು 15100.

ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿ ಕೋರ್ಟು ಶುಲ್ಕ ಇಲ್ಲ. ಅಲ್ಲಿ ಆದ ರಾಜಿಗೆ ಕೋರ್ಟಿನ ತೀರ್ಪಿನಷ್ಟೇ ಬೆಲೆ ಇದೆ. ಅದರ ಮೇಲೆ ಅಪೀಲು ಇಲ್ಲ. ಆದ್ದರಿಂದ ರಾಜಿ ಪತ್ರವನ್ನು ಪೂರ್ತಿ ಓದಿ, ಒಪ್ಪಿಗೆ ಆದರೆ ಮಾತ್ರ ಸಹಿ ಹಾಕಿ.

ನೆನಪಿಡಿ

ಓದದೆ ಸಹಿ ಹಾಕಬೇಡಿ.
ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಮನೆ ಕೊಡಬೇಡಿ, ಪಡೆಯಬೇಡಿ.
ರಸೀದಿ ಇಲ್ಲದೆ ದುಡ್ಡು ಕೊಡಬೇಡಿ.
ಕಾಗದಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೋಪಾನ ಮಾಡಿ.

ಹೊಸ ಪದಗಳು

ಮಾಲೀಕರು – ಮನೆಯ ಒಡೆಯರು, ಓನರ್
ಬಾಡಿಗೆದಾರರು – ಬಾಡಿಗೆಗೆ ಇರುವವರು
ಕರಾರು – ಇಬ್ಬರು ಮಾಡಿಕೊಂಡ ಒಪ್ಪಂದ
ಲಿಖಿತ – ಬರೆದದ್ದು
ಷರತ್ತು – ಪಾಲಿಸಬೇಕಾದ ಮಾತು
ರುಜುವಾತು – ನಿಜ ಎಂದು ತೋರಿಸುವುದು
ನೋಂದಣಿ – ಸರ್ಕಾರಿ ಕಚೇರಿಯಲ್ಲಿ ದಾಖಲು ಮಾಡಿಸುವುದು
ರಾಜಿ – ಇಬ್ಬರೂ ಒಪ್ಪಿ ಜಗಳ ಮುಗಿಸುವುದು

ಉತ್ತರ ಬರೆಯಿರಿ

1. ಒಳಬಾಡಿಗೆ ಎಂದರೇನು?
2. ರತ್ನಮ್ಮನ ಕರಾರಿನ ಏಳನೆಯ ಸಾಲಿನಲ್ಲಿ ಏನು ಬರೆದಿತ್ತು?
3. ಗೌರಮ್ಮ ಮೈದುನನ ಕೈಗೆ ದುಡ್ಡು ಕೊಡುವಾಗ ಏನು ಮಾಡಬೇಕಾಗಿತ್ತು?
4. ಗೌರಮ್ಮನ ಹತ್ತಿರ ಎಲ್ಲ ರಸೀದಿ ಇದ್ದಿದ್ದರೆ ರತ್ನಮ್ಮ ಅವಳಿಗೆ ಎಷ್ಟು ರೂಪಾಯಿ ಕೊಡಬೇಕಾಗುತ್ತಿತ್ತು? ಲೆಕ್ಕ ಮಾಡಿ. (ನೀರಿನ 1,000 ರೂಪಾಯಿ ಕಳೆಯಲು ಮರೆಯಬೇಡಿ.)
5. ಪುಕ್ಕಟೆ ಕಾನೂನು ಸಹಾಯಕ್ಕೆ ಯಾವ ನಂಬರಿಗೆ ಫೋನ್ ಮಾಡಬೇಕು?

ಮಾಡಿ ನೋಡಿ

ನೀವು ಬಾಡಿಗೆ ಮನೆಯಲ್ಲಿದ್ದೀರಾ? ಇವತ್ತು ಮನೆಗೆ ಹೋಗಿ ನಿಮ್ಮ ಕರಾರು ಪತ್ರ ಹುಡುಕಿ ತೆಗೆಯಿರಿ. ಒಂದೊಂದೇ ಸಾಲು ಓದಿ. ಅರ್ಥವಾಗದ ಪದದ ಕೆಳಗೆ ಗೆರೆ ಎಳೆಯಿರಿ. ಮುಂದಿನ ತರಗತಿಗೆ ಬರುವಾಗ ಆ ಪದಗಳನ್ನು ಬರೆದುಕೊಂಡು ಬನ್ನಿ. ಎಲ್ಲರೂ ಕೂಡಿ ಅರ್ಥ ತಿಳಿಯೋಣ.

ಕರಾರು ಪತ್ರವೇ ಇಲ್ಲವೇ? ಹಾಗಾದರೆ ಈ ತಿಂಗಳ ಬಾಡಿಗೆ ಕೊಡುವಾಗ ಒಂದು ರಸೀದಿ ಬರೆದು ಇಟ್ಟುಕೊಳ್ಳಿ. ಓನರ್ ಹತ್ತಿರ ಸಹಿ ಹಾಕಿಸಿ. ಅಲ್ಲಿಂದ ಶುರು ಮಾಡೋಣ.